ಎಣ್ಣೆ ಕುಡಿದ ಒಳಲೆ

ನೋಡಿ, ಮತ್ತೆ ನಡುವೆ ಬಾಯಿ ಹಾಕಿದಿರಿ. ಇದು ಮೂರನೆಯ ಸಲ. ಮೊದಲ ಸಲ ಶುರು ಮಾಡಿದಾಗ ಒಬ್ಬಳಿಗೆ ಒಲೆಯ ಮೇಲಿನ ಹಾಲು ನೆನಪಾಯಿತು. ಎರಡನೆಯ ಸಲಕ್ಕೆ ಇನ್ನೊಬ್ಬಳ ಕೂಸು ಎದ್ದಿತು. ಈಗ ಎಲೆ ಅಡಿಕೆ ಯಾರ ಚೀಲದಲ್ಲಿದೆ ಎಂಬ ವಿಚಾರಣೆ. ದುಂಡವ್ವನ ಎದುರು ಹೀಗೆ ಮಾಡಿದ್ದರೆ ಹಸಿಮಣ್ಣಿನ ಮುದ್ದೆ ನೆಟ್ಟಗೆ ಮುಖಕ್ಕೆ ಬರುತ್ತಿತ್ತಂತೆ. ಹಾಲು ಉಕ್ಕಿದರೆ ಉಕ್ಕಲಿ. ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತು ಕೇಳಿ, ಕಥೆ ಅದರದೇ.

ಬಹಳ ಹಿಂದೆ, ಗಡಿಗೆಹಾಳವೆಂಬ ಒಂದೂರಲ್ಲಿ ದುಂಡವ್ವ ಎಂಬ ಕುಂಬಾರ ಹೆಣ್ಣುಮಗಳಿದ್ದಳು. ಎಷ್ಟು ಹಿಂದೆ ಎಂದು ಕೇಳಬೇಡಿ. ಆ ಊರಿಗೆ ಇನ್ನೂ ಬಂಡಿದಾರಿ ಇರಲಿಲ್ಲ, ಕಾಲುಹಾದಿ ಇತ್ತು, ಅಷ್ಟು ಹಿಂದೆ. ಕುಂಬಾರ ಓಣಿಯಲ್ಲಿ ಒಂಬತ್ತು ಮನೆ. ಗಡಿಗೆ ಮಾಡುವ ತಿಗರಿಯನ್ನು ತಿರುಗಿಸುವುದು ಗಂಡಸರ ಕೆಲಸ, ಹೆಂಗಸರು ಅದನ್ನು ಮುಟ್ಟುವಂತಿರಲಿಲ್ಲ. ಮಣ್ಣು ಸೋಸುವುದು, ತುಳಿಯುವುದು, ಸುಡುವ ಆವಿಗೆಗೆ ಸೌದೆ ಸಗಣಿ ಹೊರುವುದು, ಸುಟ್ಟ ಗಡಿಗೆಯನ್ನು ತಲೆಯ ಮೇಲಿಟ್ಟು ಊರೂರು ಮಾರುವುದು, ಇವೆಲ್ಲ ಹೆಂಗಸರ ಪಾಲು. ಉಳಿದದ್ದು ತಿಗರಿಯ ಮುಂದೆ ಕೂತು ಬೀಡಿ ಸೇದುವ ಕಷ್ಟ, ಅದು ಗಂಡಸರದು.

ದುಂಡವ್ವ ತಿಗರಿಯ ಸುದ್ದಿಗೆ ಹೋಗಲಿಲ್ಲ. ಮಣ್ಣನ್ನು ಬೆರಳಲ್ಲೇ ಚಿವುಟಿ ತಿದ್ದಿ ಸಣ್ಣ ಸಾಮಾನು ಮಾಡುತ್ತಿದ್ದಳು. ಹಣತೆ ಮಾಡುತ್ತಿದ್ದಳು, ಮಕ್ಕಳ ಆಟಿಕೆ ಮಾಡುತ್ತಿದ್ದಳು, ಎಲ್ಲಕ್ಕಿಂತ ಹೆಚ್ಚಾಗಿ ಒಳಲೆ ಮಾಡುತ್ತಿದ್ದಳು. ಒಳಲೆ ಗೊತ್ತಲ್ಲ, ಹಸುಗೂಸಿಗೆ ಹಾಲೋ ಮದ್ದೋ ಕುಡಿಸುವ ಪುಟ್ಟ ಬಟ್ಟಲು, ಮುಂದೆ ಹಕ್ಕಿಯ ಕೊಕ್ಕಿನ ಹಾಗೆ ಉದ್ದನೆಯ ಮೂತಿ. ಅದು ಹಸಿಯಿದ್ದಾಗ ಹಳ್ಳದ ನುಣುಪುಗಲ್ಲಿನಿಂದ ಒಳಗೂ ಹೊರಗೂ ಉಜ್ಜುತ್ತಿದ್ದಳು. ಸುಟ್ಟು ತೆಗೆದರೆ ಅದರಲ್ಲಿ ಮುಖ ಕಾಣುತ್ತಿತ್ತಂತೆ. ನನ್ನ ಒಳಲೆಯಷ್ಟು ನುಣುಪು ನಿಮ್ಮ ಗಂಡಂದಿರ ಮಾತೂ ಇರಲಿಕ್ಕಿಲ್ಲ ಎಂದು ಸಂತೆಯಲ್ಲಿ ಕೂತು ಹೇಳುತ್ತಿದ್ದಳಂತೆ. ಸುತ್ತ ಹನ್ನೆರಡು ಹಳ್ಳಿಯ ಕೂಸುಗಳು ಅವಳ ಒಳಲೆಯಲ್ಲೇ ಹಾಲು ಕುಡಿದವು ಎಂದು ಹೇಳುತ್ತಾರೆ.

ಒಂದು ದಿನ ಬೆಳಿಗ್ಗೆ ದುಂಡವ್ವ ಒಳಲೆಗೆ ಕೊಕ್ಕು ಕೂರಿಸುತ್ತಿದ್ದಳು. ಅದು ಉಸಿರು ಬಿಗಿಹಿಡಿದು ಮಾಡುವ ಕೆಲಸ. ಆಗ ಗಾಣಿಗರ ಬಾಳವ್ವ ಬಾಗಿಲಿಗೆ ಬಂದು ನಿಂತಳು. ಎಣ್ಣೆ ಗಾಣದ ಮನೆಯ ಹಿರಿಯಳು, ಐದು ಮಕ್ಕಳ ತಾಯಿ, ಊರಲ್ಲಿ ಯಾರಿಗೂ ತಗ್ಗಿ ಮಾತಾಡಿದವಳಲ್ಲ.

"ನಿನ್ನ ಒಳಲಿ ನನ್ನ ಮೊಮ್ಮಗಳನ್ನ ಹಾಲಾಗ ಮುಳುಗಿಸಿ ಕೊಲ್ಲಾಕತ್ತೈತಿ. ಎದ್ದು ಬಂದು ನೋಡು."

ಕೊಕ್ಕು ಸೊಟ್ಟಗಾಯಿತು. ದುಂಡವ್ವ ಅದನ್ನು ಮಣ್ಣಿನ ರಾಶಿಗೆ ಎಸೆದು, "ಒಳಲಿಗೆ ಕೈ ಇಲ್ಲ ಬಾಳಕ್ಕ, ನಿನಗ ಎರಡು ಅದಾವ. ಮೆಲ್ಲಕ ಬಗ್ಗಿಸು" ಎಂದಳಂತೆ.

"ಐದು ಮಕ್ಕಳಿಗೆ ಕುಡಿಸಿದ ಕೈ ಇದು. ಬಗ್ಗಿಸೋದು ನನಗ ಕಲಿಸಬ್ಯಾಡ."

ಇಷ್ಟು ಹೇಳಿ ಬಾಳವ್ವ ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕೂತಳು. ಬಾಳವ್ವ ಕೂತು ಅತ್ತದ್ದನ್ನು ಕುಂಬಾರ ಓಣಿಯವರು ನೋಡಿದ್ದು ಅದೇ ಮೊದಲು. ದುಂಡವ್ವ ಕೈಯ ಮಣ್ಣು ಕೂಡ ತೊಳೆಯದೆ ಎದ್ದಳು ಎಂದು ಹೇಳುತ್ತಾರೆ.

ಗಾಣದ ಮನೆಯ ಒಳಕೋಣೆಯಲ್ಲಿ ಸೊಸೆ ನಿಂಬೆವ್ವ ಬಾಣಂತಿ. ಕೂಸು ಏಳು ತಿಂಗಳಿಗೇ ಹುಟ್ಟಿತ್ತು. ಹತ್ತಿಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿದ್ದರು. ಹೊಟ್ಟಿನಲ್ಲಿ ಬಿದ್ದ ಕಾಳಿನ ಹಾಗೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ಸಣ್ಣದು. ನಿಂಬೆವ್ವನ ಎದೆಯಲ್ಲಿ ಹಾಲು ಬೇಕಾದಷ್ಟಿತ್ತು, ಆದರೆ ಕೂಸಿಗೆ ಚೀಪುವ ಶಕ್ತಿಯಿರಲಿಲ್ಲ. ಹಿಂಡಿ ಒಳಲೆಯಲ್ಲಿ ಹಾಕಿ ಕುಡಿಸುತ್ತಿದ್ದರು.

ಬಾಳವ್ವ ಕುಡಿಸಿದಳು, ದುಂಡವ್ವ ನೋಡಿದಳು. ಕೈ ನಡುಗಲಿಲ್ಲ, ಅವಸರ ಮಾಡಲಿಲ್ಲ. ಹಾಲಿನ ಹನಿ ಕೊಕ್ಕಿನ ನಡುವೆ ಬಂದು ನಿಂತಿತು. ಇನ್ನಷ್ಟು ಬಗ್ಗಿಸಿದಳು, ಹನಿ ತಲೆ ಮುಂದೆ ಚಾಚಿತು, ಆದರೆ ಹಿಂಗಾಲು ಕೀಳಲಿಲ್ಲ. ಇನ್ನೂ ಬಗ್ಗಿಸಿದಳು. ಹಿಂದಿನಿಂದ ಇನ್ನೊಂದು ಹನಿ ಬಂದು ಕೂಡಿತು, ಮತ್ತೊಂದು ಕೂಡಿತು, ಎಲ್ಲ ಸೇರಿ ಒಮ್ಮೆಲೇ ಸುರಿದುಬಿಟ್ಟವು. ಕೂಸು ಬಿಕ್ಕಿತು, ಕೆಮ್ಮಲಿಕ್ಕೂ ಬಾರದೆ ತುಟಿ ನೀಲಿ ಮಾಡಿಕೊಂಡಿತು. ಬಾಳವ್ವ ಅದನ್ನು ಬೋರಲು ಮಾಡಿ ಬೆನ್ನು ತಟ್ಟಿ ಉಸಿರು ತರಿಸಿದಳು. ದಿನಕ್ಕೆ ಎಂಟು ಸಲ ಹೀಗೆ. ಒಂಬತ್ತನೆಯ ಸಲ ಉಸಿರು ಬರದಿದ್ದರೆ ಏನು ಮಾಡುವುದು ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ.

ದುಂಡವ್ವ ಒಳಲೆಯನ್ನು ಇಸಿದುಕೊಂಡು ತಿರುಗಿಸಿ ನೋಡಿದಳು. ತಪ್ಪು ಬಾಳವ್ವನ ಕೈಯದಲ್ಲ, ತನ್ನ ಒಳಲೆಯದು. ಗಟ್ಟಿ ಕೂಸಾದರೆ ಗುಟುಕರಿಸಿ ನಕ್ಕುಬಿಡುತ್ತಿತ್ತು, ಹಾಗಾಗಿ ಇಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಹತ್ತಿಯ ಬತ್ತಿಯನ್ನು ಹಾಲಲ್ಲಿ ಅದ್ದಿ ತುಟಿಗೆ ತಾಗಿಸುತ್ತಿರಿ, ಹೊಟ್ಟೆ ತುಂಬದಿದ್ದರೂ ನಾಲಗೆ ಒಣಗದಿರಲಿ ಎಂದು ಹೇಳಿ ಮನೆಗೆ ಬಂದಳು. ಬತ್ತಿಯ ಮೇಲೆ ಕೂಸು ಎಷ್ಟು ದಿನ ಇದ್ದೀತು ಎಂಬುದು ಅವಳಿಗೂ ಗೊತ್ತಿತ್ತು.

ಅಂದಿನಿಂದ ದುಂಡವ್ವ ಹನಿ ನೋಡುತ್ತ ಕೂತಳಂತೆ. ಒಲೆ ಹಚ್ಚಲಿಲ್ಲ. ಗಂಡ ಕಲ್ಲಪ್ಪ ರೊಟ್ಟಿ ಕೇಳಿದ್ದಕ್ಕೆ, ತಿಗರಿ ತಿರುಗಿಸುವ ಕೈಗೆ ರೊಟ್ಟಿ ತಿರುವುವುದು ಕಷ್ಟವೇ ಎಂದು ಕೇಳಿದಳಂತೆ. ಅವನು ಮೂರು ದಿನ ಸೀದ ರೊಟ್ಟಿ ತಿಂದ.

ನುಣುಪು ಸಾಲದು ಎಂದು ಮೊದಲು ಅವಳಿಗೆ ಅನ್ನಿಸಿತು. ಸುಟ್ಟ ಒಳಲೆಯನ್ನೇ ತೋಳು ಸೋಲುವ ತನಕ ಮತ್ತೆ ಉಜ್ಜಿದಳು. ಗಾಜಾಯಿತು. ಆದರೂ ಹನಿ ನಿಂತಲ್ಲೇ ನಿಂತಿತು. ಬಗ್ಗಿಸಿ ಕಣ್ಣ ಹತ್ತಿರ ಹಿಡಿದು ನೋಡಿದಳು. ಹನಿಯ ಹೊಟ್ಟೆ ಹೋಗಲಿಕ್ಕೆ ಸಿದ್ಧವಾಗಿಯೇ ಇತ್ತು. ಹಿಡಿದು ನಿಂತದ್ದು ಅದರ ಅಂಚು. ಅವ್ವ ಹೊರಟಳೆಂದರೆ ಸೆರಗಿನ ತುದಿ ಹಿಡಿದು ಜೋತುಬೀಳುವ ಮಗುವಿನ ಹಾಗೆ ಹಿಂದಿನ ಅಂಚು ಮಣ್ಣನ್ನು ಬಿಡುತ್ತಿರಲಿಲ್ಲ. ಸೆರಗು ಎಳೆದೆಳೆದು ಕೊನೆಗೆ ಬಿಟ್ಟಾಗ ಅವ್ವ ಮುಗ್ಗರಿಸುತ್ತಾಳೆ. ಹಾಲು ಸುರಿದದ್ದೂ ಹಾಗೆಯೇ. ಇದನ್ನು ಮೊದಲು ಕಂಡವಳು ದುಂಡವ್ವ ಎಂದು ನಮ್ಮ ಕಡೆಯವರು ಹೇಳುತ್ತಾರೆ.

ಮರುದಿನ ಕೆರೆಗೆ ಹೋಗಿ ತಾವರೆಯ ಎಲೆ ಕಿತ್ತು ತಂದಳು. ಅದರ ಮೇಲೆ ಹನಿ ನಿಲ್ಲುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಎಲೆಯನ್ನು ಕತ್ತರಿಸಿ ಕೊಕ್ಕಿನೊಳಗೆ ಹಾಸಿ ಗಾಣದ ಮನೆಗೆ ಓಡಿದಳು. ಹನಿ ಮುತ್ತಿನ ಹಾಗೆ ದುಂಡಗಾಗಿ ನಿಂತಿತು. ಬಗ್ಗಿಸಿದ್ದೇ ತಡ, ಹಗ್ಗ ಹರಿದ ಕರುವಿನ ಹಾಗೆ ಓಡಿ ಕೂಸಿನ ಬಾಯಿ ತಪ್ಪಿ ಮೂಗಿಗೆ ಹೋಯಿತು. ಕೂಸು ಸೀನಿತು. ನಾಲ್ಕು ಸಲ ಕುಡಿಸುವುದರಲ್ಲಿ ಹಾಲಿನ ಜಿಡ್ಡು ಎಲೆಗೆ ಹಿಡಿದು, ಜಿಡ್ಡು ಹಿಡಿದಲ್ಲಿ ಹನಿಯೂ ಅಂಟತೊಡಗಿತು. ನಿಲ್ಲುವ ಹನಿಯೂ ಕೊಲ್ಲುತ್ತದೆ, ಓಡುವ ಹನಿಯೂ ಕೊಲ್ಲುತ್ತದೆ. ಬೇಕಾದದ್ದು ನಿಲ್ಲದೆ ನಡೆಯುವ ಹನಿ. ಅಂಥದ್ದು ಎಲ್ಲಿದೆ ಎಂದು ದುಂಡವ್ವ ತಲೆಯ ಮೇಲೆ ಕೈಹೊತ್ತು ಗಾಣದ ಪಕ್ಕದಲ್ಲಿ ಕೂತಳು.

ಅಲ್ಲಿ ಔಡಲೆಣ್ಣೆಯ ಗಡಿಗೆ ಇತ್ತು. ಔಡಲೆಣ್ಣೆ ಎಂದರೆ ಹರಳೆಣ್ಣೆ. ಎಣ್ಣೆ ತೋಡಲಿಕ್ಕೆ ಅದರೊಳಗೆ ಒಂದು ಹಳೆಯ ಒಳಲೆ ಬಿದ್ದಿತ್ತು. ದುಂಡವ್ವ ಅದನ್ನು ಎತ್ತಿ ನೋಡಿ ನಾಚಿದಳಂತೆ. ಅವಳೇ ಮಾಡಿದ್ದು, ಮದುವೆಯಾಗಿ ಬಂದ ಹೊಸದರಲ್ಲಿ. ಆಗ ಉಜ್ಜುವುದು ಕೂಡ ಗೊತ್ತಿರಲಿಲ್ಲ. ಇಟ್ಟಿಗೆಯ ಹಾಗೆ ತರಿತರಿ ಮೈ. ಬಾಳವ್ವ ತನ್ನ ಮಗನಿಗೆ, ಅಂದರೆ ಈಗಿನ ಕೂಸಿನ ಅಪ್ಪನಿಗೆ, ಹಾಲು ಕುಡಿಸಲು ಒಯ್ದಿದ್ದಳು. ಆಮೇಲೆ ಎಣ್ಣೆಗೆ ಹಾಕಿದವಳು ಇಪ್ಪತ್ತು ವರ್ಷ ತೆಗೆದಿರಲಿಲ್ಲ.

ಯಾರಾದರೂ ನೋಡುವ ಮೊದಲು ತೊಳೆದು ಅಡಗಿಸೋಣವೆಂದು ದುಂಡವ್ವ ಎಣ್ಣೆ ಬಸಿದು, ಬಟ್ಟೆಯಿಂದ ಒರೆಸಿ, ಮೇಲೆ ನೀರು ಚಿಮುಕಿಸಿದಳು. ಒಂದು ಹನಿ ಕೊಕ್ಕಿನ ಮೇಲೆ ಬಿತ್ತು. ಮುತ್ತಿನ ಹಾಗೆ ದುಂಡಗಾಗಲಿಲ್ಲ, ಸೋಮಾರಿಯ ಹಾಗೆ ಚಪ್ಪಟೆಯಾಗಿ ಕೂತಿತು. ಕೂತದ್ದೇ ಮೆಲ್ಲಗೆ ಹೊರಟಿತು. ನಿಲ್ಲಲಿಲ್ಲ, ಓಡಲಿಲ್ಲ, ಹಿಂದೆ ಒದ್ದೆಯ ಗೆರೆ ಕೂಡ ಬಿಡಲಿಲ್ಲ. ತುಂಬಿದ ಬಸುರಿ ಮೆಟ್ಟಿಲು ಇಳಿಯುವ ಹಾಗೆ ಇಳಿದು, ತುದಿಗೆ ಬಂದು, ಟಪ್ ಎಂದು ಬಿತ್ತು. ಇನ್ನೊಂದು ಹನಿ ಹಾಕಿದಳು. ಅದೂ ಅದೇ ನಡಿಗೆಯಲ್ಲಿ ಹೋಯಿತು.

ದುಂಡವ್ವನಿಗೆ ತಿಳಿಯಿತು. ತರಿ ಮಣ್ಣು ಇಪ್ಪತ್ತು ವರ್ಷ ಎಣ್ಣೆ ಕುಡಿದಿದೆ. ಹನಿ ಈಗ ಮಣ್ಣಿನ ಮೇಲಿಲ್ಲ, ಎಣ್ಣೆಯ ಮೇಲಿದೆ. ಅಂಚಿಗೆ ಹಿಡಿಯಲಿಕ್ಕೆ ಏನೂ ಸಿಗುತ್ತಿಲ್ಲ. ಉಜ್ಜಿ ಉಜ್ಜಿ ಮಣ್ಣಿನ ಬಾಯಿ ಮುಚ್ಚಿದ ತನ್ನ ಅಷ್ಟೂ ಚೆಂದದ ಒಳಲೆಗಳು ಒಂದು ಹನಿ ಎಣ್ಣೆಯನ್ನೂ ಕುಡಿಯಲಾರವು. ಎಲ್ಲಕ್ಕಿಂತ ಕೆಟ್ಟದ್ದೇ ಕೆಲಸಕ್ಕೆ ಬಂದಿತ್ತು.

ಬಾಳವ್ವ ಒಪ್ಪಲಿಲ್ಲ. "ಔಡಲೆಣ್ಣಿ ಹೊಟ್ಟಿಗೆ ಹೋದ್ರ ಈ ಕೂಸು ಭೇದಿಯಾಗಿ ಹೊಕ್ಕೈತಿ. ನಿನ್ನ ಹುಚ್ಚಿಗೆ ನನ್ನ ಮೊಮ್ಮಗಳು ಬೇಕೇನು?"

ಆ ಮಾತು ಸುಳ್ಳಲ್ಲ, ದುಂಡವ್ವ ವಾದಿಸಲಿಲ್ಲ. ಮನೆಗೆ ಹೋಗಿ ಉಜ್ಜದೆ ಬಿಟ್ಟಿದ್ದ ಇನ್ನೊಂದು ಒಳಲೆ ಹುಡುಕಿ ತಂದು ಅಡುಗೆಯ ಕುಸುಬಿ ಎಣ್ಣೆಯಲ್ಲಿ ನೆನೆಹಾಕಿದಳು. ಸಂಜೆಗೆ ಹಾಲು ಹಾಕಿ ನೋಡಿದರೆ ಹನಿ ನಿಲ್ಲಲಿಲ್ಲ ನಿಜ, ಆದರೆ ಓಡಿತು. ಮುಂದಿನ ಹನಿಯನ್ನು ಹಿಂದಿನದು ಹಿಡಿಯಿತು, ಎರಡೂ ಕೂಡಿ ದೊಡ್ಡದಾಗಿ ಇನ್ನೂ ಜೋರಾಗಿ ಓಡಿದವು. ಕೂಸು ಮತ್ತೆ ಕೆಮ್ಮಿತು. ಈ ಸಲ ಕೆಮ್ಮಿನಲ್ಲಿ ಸದ್ದೇ ಇರಲಿಲ್ಲ. ಐದನೆಯ ದಿನ ಅದು. ನಿಂಬೆವ್ವ ಅಳುವುದನ್ನೂ ಬಿಟ್ಟು ಗೋಡೆ ನೋಡುತ್ತ ಮಲಗಿದ್ದಳು.

ಆಗ ಬಾಳವ್ವ ಎದ್ದು ಗಾಣದ ಹತ್ತಿರ ಹೋದಳಂತೆ. ಒಂದು ಬೆರಳಿಗೆ ಕುಸುಬಿ ಎಣ್ಣೆ ಹಚ್ಚಿದಳು, ಇನ್ನೊಂದಕ್ಕೆ ಔಡಲೆಣ್ಣೆ. ಎರಡನ್ನೂ ಹೆಬ್ಬೆರಳಿಗೆ ತಿಕ್ಕಿ ನೋಡಿದಳು. ಹುಟ್ಟಿದಾಗಿನಿಂದ ಎಣ್ಣೆಯಲ್ಲೇ ಬದುಕಿದವಳ ಬೆರಳು ಅದು.

"ಕುಸುಬಿ ಓಡತೈತಿ, ಔಡಲ ನಡೀತೈತಿ" ಎಂದಳು. "ಎಣ್ಣಿ ಎಷ್ಟು ದಪ್ಪೋ ಮೇಲಿನ ಹನಿ ಅಷ್ಟು ಸಾವಕಾಶ. ಹಳೇ ಒಳಲೀನ ತಾ. ಬಟ್ಟಿ ತಗೊಂಡು ನಾನಽ ಒರಸ್ತೀನಿ. ಬೆರಳಿಗೆ ಎಣ್ಣಿ ಹತ್ತಬಾರದು, ಮಣ್ಣಿನೊಳಗಿದ್ದದ್ದು ಅಲ್ಲೇ ಇರಲಿ."

ಎಣ್ಣೆ ಗಾಣದವಳ ಆ ಮಾತು ಇಲ್ಲದಿದ್ದರೆ ಕುಂಬಾರತಿಯ ಕಣ್ಣು ಏನೂ ಮಾಡುತ್ತಿರಲಿಲ್ಲ. ಕಥೆ ಹೇಳುವವರು ಇದನ್ನು ನುಂಗಿಬಿಡುತ್ತಾರೆ, ನುಂಗಬಾರದು.

ಬಾಳವ್ವ ಒರೆಸಿದಳು, ಒರೆಸಿದಳು, ಬೆಳಗಾಗುವ ತನಕ ಹತ್ತು ಬಟ್ಟೆ ಬದಲಿಸಿ ಒರೆಸಿದಳು. ದುಂಡವ್ವ ಕೂಸನ್ನು ಮೊಣಕಾಲ ಮೇಲೆ ಮಲಗಿಸಿಕೊಂಡು ಹಾಲು ಹಾಕಿ ಬಗ್ಗಿಸಿದಳು. ಹನಿ ಹೊರಟಿತು. ಮೆಲ್ಲಗೆ ಬಂದು ತುದಿಯಲ್ಲಿ ಕಳಚಿ ನಾಲಗೆಯ ಮೇಲೆ ಬಿತ್ತು. ಕೂಸು ನುಂಗಿತು. ಉಸಿರೆಳೆಯಿತು. ಬಾಯಿ ತೆರೆಯಿತು. ಅಷ್ಟರಲ್ಲಿ ಇನ್ನೊಂದು ಹನಿ ಬಂದು ಮುಟ್ಟಿತು. ನುಂಗಿತು, ಉಸಿರೆಳೆಯಿತು, ಬಾಯಿ ತೆರೆಯಿತು. ಹನಿ ಕೂಸನ್ನು ಕಾಯುತ್ತಿತ್ತೋ ಕೂಸು ಹನಿಯನ್ನು ಕಾಯುತ್ತಿತ್ತೋ ಹೇಳಲಾಗುತ್ತಿರಲಿಲ್ಲ ಎನ್ನುತ್ತಾರೆ. ಬೆಳಿಗ್ಗೆ ಕೂತ ದುಂಡವ್ವ ದನ ಮನೆಗೆ ಬರುವ ಹೊತ್ತಿಗೂ ಹಾಗೇ ಕೂತಿದ್ದಳು. ಮೊಣಕಾಲು ಜೋಮು ಹಿಡಿದರೂ ಅಲುಗಾಡಲಿಲ್ಲ. ಯಾರೋ ಬಂದು ಮಾತಾಡಿಸಿದರೆ ಬಾಯಲ್ಲಿ ಬೈಯಲಾಗದೆ ಕಣ್ಣಲ್ಲೇ ಬೈದಳಂತೆ. ಸಂಜೆಗೆ ಕೂಸು ಬಟ್ಟೆ ಒದ್ದೆ ಮಾಡಿತು. ಆ ಒದ್ದೆ ಬಟ್ಟೆಯನ್ನು ನಿಂಬೆವ್ವ ಕಣ್ಣಿಗೆ ಒತ್ತಿಕೊಂಡಳು. ನಗಬೇಡಿ, ಐದು ದಿನ ಕಾದವಳಿಗೆ ಅದೇ ಪ್ರಸಾದ.

ಮೂರು ದಿನ ಹೀಗೆ ನಡೆಯಿತು. ಕೂಸಿನ ಕೆನ್ನೆಗೆ ಬಣ್ಣ ಬಂತು. ನಾಲ್ಕನೆಯ ದಿನ ನಿಂಬೆವ್ವನ ತವರಿನಿಂದ ಅವಳ ತಾಯಿ ತೋಟವ್ವ ಬಂದಳು. ಬಹಳ ಒಳ್ಳೆಯ ಹೆಣ್ಣುಮಗಳು, ಬಹಳ ಚೊಕ್ಕಟ. ತಪ್ಪಾದದ್ದೇ ಅದರಿಂದ. ಬೇರೆಯವರ ಮನೆಯ ಪಾತ್ರೆಯನ್ನು ತಿಕ್ಕಿ ಹೊಳಪು ಬರಿಸದೆ ಮರಳಿಸಿದರೆ ಹೆಣ್ಣಿಗೆ ಅದಕ್ಕಿಂತ ನಾಚಿಕೆ ಬೇರೆ ಇಲ್ಲ, ನಿಮಗೂ ಗೊತ್ತು. ನನ್ನ ಮೊಮ್ಮಗಳನ್ನು ಉಳಿಸಿದ ಒಳಲೆ ಇಷ್ಟು ಜಿಡ್ಡು ಹಿಡಿದು ಕರ್ರಗಿರುವುದೇ ಎಂದು ತೋಟವ್ವ ಅದನ್ನು ಬೂದಿ ನೀರಲ್ಲಿ ಕುದಿಸಿ, ಅಂಟುವಾಳ ಹಾಕಿ ತಿಕ್ಕಿ, ಹುಣಸೆ ಹಚ್ಚಿ ತೊಳೆದು, ಬಿಸಿಲಿಗೆ ಒಣಗಿಸಿ, ಅರಿಶಿನ ಕುಂಕುಮ ಹಚ್ಚಿ ತಂದಿಟ್ಟಳು. ಹೊಸ ಹೆಂಚಿನ ಹಾಗೆ ಕೆಂಪಗೆ ಕಾಣುತ್ತಿತ್ತು. ನೋಡಿದವರೆಲ್ಲ ಭೇಷ್ ಎಂದರು.

ಮಧ್ಯಾಹ್ನ ನಿಂಬೆವ್ವ ತಾನೇ ಕುಡಿಸಲು ಕೂತಳು. ಹನಿ ಬರಲಿಲ್ಲ. ಬಗ್ಗಿಸಿದಳು, ಬರಲಿಲ್ಲ. ಇನ್ನಷ್ಟು ಬಗ್ಗಿಸಿದಳು. ಇದ್ದದ್ದೆಲ್ಲ ಒಮ್ಮೆಲೇ ಬಂತು.

ಕೂಗು ಕೇಳಿ ದುಂಡವ್ವ ಓಡಿ ಬರುವಷ್ಟರಲ್ಲಿ ಕೂಸಿನ ಮೈ ಜೋಲಾಡುತ್ತಿತ್ತು. ಬಾಳವ್ವ ಬೋರಲು ಹಿಡಿದು ತಟ್ಟುತ್ತಿದ್ದಳು, ತಟ್ಟುತ್ತಲೇ ಇದ್ದಳು. ದುಂಡವ್ವ ಸಣ್ಣ ಬಾಯಿಗೆ ಬಾಯಿಟ್ಟು ಹಾಲನ್ನು ಹೀರಿ ಉಗುಳಿದಳು, ಮತ್ತೆ ಹೀರಿ ಉಗುಳಿದಳು. ಮೂರನೆಯ ಸಲಕ್ಕೆ ಬೆಕ್ಕಿನ ಮರಿಯಂಥ ಒಂದು ದನಿ ಬಂತು.

ತೋಟವ್ವ ಮೂಲೆಯಲ್ಲಿ ನಿಂತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಈಗ ದುಂಡವ್ವನ ಬಾಯಿ ತೆರೆಯುತ್ತದೆ, ತೋಟವ್ವನ ಏಳು ತಲೆಮಾರು ಉಳಿಯುವುದಿಲ್ಲ ಎಂದು ಎಲ್ಲರೂ ಕಾದರು. ದುಂಡವ್ವ ಬೈಯಲಿಲ್ಲ. ಜೀವಮಾನದಲ್ಲಿ ಬೈಯಬೇಕಾದಲ್ಲಿ ಬೈಯದೆ ಬಿಟ್ಟದ್ದು ಅದೊಂದೇ ಸಲವಂತೆ.

"ನಾನೂ ಇಪ್ಪತ್ತು ವರ್ಷ ಇದನ್ನಽ ಮಾಡೀನಿ ಅಕ್ಕ, ಉಜ್ಜಿ ಉಜ್ಜಿ" ಎಂದಳು. "ಏಳು, ಕೆಂಡ ತಾ."

ಇಪ್ಪತ್ತು ವರ್ಷದ ಎಣ್ಣೆ ಹೋಗಿತ್ತು, ಇನ್ನೆಲ್ಲಿಂದ ತರುವುದು ಎಂದು ನಿಂಬೆವ್ವ ಎದೆ ಹೊಡೆದುಕೊಳ್ಳುತ್ತಿದ್ದಳು. ದುಂಡವ್ವ ಒಳಲೆಯನ್ನು ಕೆಂಡದ ಹತ್ತಿರ ಇಟ್ಟು ಬಿಸಿ ಮಾಡಿದಳು. ಬಾಳವ್ವ ಔಡಲೆಣ್ಣೆಯನ್ನು ಬೆಚ್ಚಗೆ ಕಾಯಿಸಿದಳು. ಬಿಸಿ ಮಣ್ಣನ್ನು ಎಣ್ಣೆಗೆ ಇಳಿಸಿದಾಗ ಮೈಯೆಲ್ಲ ಸಣ್ಣ ಗುಳ್ಳೆಗಳು ಎದ್ದವು. ಮಣ್ಣು ಗಾಳಿ ಬಿಟ್ಟು ಎಣ್ಣೆ ಕುಡಿಯುತ್ತಿತ್ತು. ನಾಲ್ವರೂ ಹೆಂಗಸರು ಸುತ್ತ ಕೂತು ಆ ಗುಳ್ಳೆ ನೋಡಿದರು. ಗುಳ್ಳೆ ನಿಂತಿತು. ಬಾಳವ್ವ ತೆಗೆದು ಒರೆಸಿದಳು. ದುಂಡವ್ವ ಹಾಲು ಹಾಕಿದಳು. ಹನಿ ಬಸುರಿಯ ನಡಿಗೆಯಲ್ಲಿ ಹೊರಟಿತು.

ಹೊತ್ತು ಮುಳುಗುವ ಮೊದಲು ಕೂಸು ಹೊಟ್ಟೆ ತುಂಬ ಕುಡಿದು ಮಲಗಿತು. ಇನ್ನೂ ಹನ್ನೊಂದು ದಿನ ಹಾಗೆ ಕುಡಿಯಿತು. ಹನ್ನೆರಡನೆಯ ದಿನ ಒಳಲೆಯನ್ನು ತುಟಿಯಿಂದ ನೂಕಿ ನಿಂಬೆವ್ವನ ಎದೆಗೆ ಬಾಯಿ ಹಾಕಿತು. ಹನುಮವ್ವ ಎಂದು ಹೆಸರಿಟ್ಟರು. ಊರವರು ಹನಿಯವ್ವ ಎಂದು ಕರೆದರು. ಊರವರು ಇಟ್ಟದ್ದೇ ನಿಂತಿತು.

ಆಮೇಲೆ ದುಂಡವ್ವ ಒಂಬತ್ತೂ ಮನೆಯ ಹೆಂಗಸರನ್ನು ಕೂರಿಸಿ ಎಲ್ಲ ತೋರಿಸಿಕೊಟ್ಟಳು. ಹೊರಗೆ ಬೇಕಾದರೆ ಉಜ್ಜಿ, ಕೊಕ್ಕಿನ ಒಳಗೆ ತರಿ ಬಿಡಿ, ಬಿಸಿ ಇರುವಾಗ ಔಡಲೆಣ್ಣೆ ಕುಡಿಸಿ, ಬೆರಳಿಗೆ ಹತ್ತದ ಹಾಗೆ ಒರೆಸಿ. ಒಂದು ಮಾತನ್ನೂ ಬಚ್ಚಿಡಲಿಲ್ಲ. ದುಂಡವ್ವನ ಕೈ ಸೋತಿತು, ಈಗ ತರಿ ಒಳಲೆ ಮಾರುತ್ತಾಳೆ ಎಂದು ಸಂತೆಯಲ್ಲಿ ನಕ್ಕವರಿದ್ದರು. ಅವರ ಮನೆಯಲ್ಲೂ ದಿನ ತುಂಬದ ಕೂಸುಗಳು ಹುಟ್ಟಿದವು, ಅವರೂ ಬಂದು ಕೇಳಿ ಒಯ್ದರು.

ಅವಳು ಹೋದ ಮೇಲೆ ಕಥೆ ಬೆಳೆಯಿತು. ಮಳೆಯಲ್ಲಿ ನಡೆದರೂ ದುಂಡವ್ವನ ಸೀರೆ ನೆನೆಯುತ್ತಿರಲಿಲ್ಲವಂತೆ. ಅವಳು ನಿಲ್ಲು ಎಂದರೆ ಹನಿ ನಿಲ್ಲುತ್ತಿತ್ತಂತೆ, ಹತ್ತು ಎಂದರೆ ಕೊಕ್ಕಿನ ಮೇಲಕ್ಕೆ ಹತ್ತುತ್ತಿತ್ತಂತೆ. ಹತ್ತಿರಲಿಕ್ಕಿಲ್ಲ. ಹೇಳುವವರಿಗೆ ಸುಖವಾಗುತ್ತದೆ, ಹೇಳಲಿ.

ಇವತ್ತಿಗೂ ಆ ಸೀಮೆಯಲ್ಲಿ ಒಳಲೆಗೆ ಬೂದಿ ಮುಟ್ಟಿಸುವುದಿಲ್ಲ. ಬಿಸಿನೀರು ತೋರಿಸಿ, ಎಣ್ಣೆ ಬಟ್ಟೆಯಿಂದ ಒರೆಸಿ ಇಡುತ್ತಾರೆ. ಹೊರ ಊರಿಂದ ಬಂದ ಸೊಸೆಯರು ಎಂಥ ಕೊಳಕು ಜನ ಎಂದು ಮೂಗು ಮುರಿಯುತ್ತಾರೆ, ಒಂದು ಬಾಣಂತನ ಮುಗಿಯುವಷ್ಟರಲ್ಲಿ ಮೂಗು ಸರಿಹೋಗುತ್ತದೆ. ಕೂಸಿಗೆ ಕುಡಿಸುವ ಮೊದಲು ಒಂದು ಹನಿಯನ್ನು ನೆಲಕ್ಕೆ ಬಿಡುತ್ತಾರೆ, ಅದು ದುಂಡವ್ವನ ಹನಿ. ದಿನ ತುಂಬದ ಕೂಸು ಒಳಲೆ ನೂಕಿ ಎದೆಗೆ ಬಾಯಿ ಹಾಕಿದ ದಿನ ಗಾಣದ ಮನೆಗೊಂದು, ಕುಂಬಾರರ ಮನೆಗೊಂದು ಬೆಲ್ಲದ ಅಚ್ಚು ಕಳಿಸುತ್ತಾರೆ. ಅಂದು ಮನೆಯ ಹಿರಿಯಳು ಕೂಸಿನ ಕಿವಿಯ ಹತ್ತಿರ ಬಾಗಿ ಒಂದು ಮಾತು ಕೇಳುತ್ತಾಳೆ. ಉತ್ತರ ಯಾರೂ ಹೇಳುವುದಿಲ್ಲ.

ಅದು ಹನಿಯವ್ವ ಏಳು ವರ್ಷದವಳಿದ್ದಾಗ ಕೇಳಿದ ಮಾತು. ದುಂಡವ್ವನ ಮಡಿಲಲ್ಲಿ ಕೂತು, ಅವಳ ಮಣ್ಣು ಮೆತ್ತಿದ ಬೆರಳನ್ನು ಒಂದೊಂದಾಗಿ ಬಿಡಿಸುತ್ತ ಕೇಳಿದಳಂತೆ. ಊರಿಗೆಲ್ಲ ಉತ್ತರ ಕೊಟ್ಟ ದುಂಡವ್ವ ಆ ಹುಡುಗಿಯ ನೆತ್ತಿಯ ಮೇಲೆ ಗಲ್ಲ ಇಟ್ಟಳಂತೆ.

"ಆಯಿ, ಅಷ್ಟೊಂದು ಹನಿ ಕುಡಿಸಿದ್ಯಲ್ಲ, ಅದರಾಗ ಯಾವ ಹನಿಗೆ ನಾ ಉಳದೆ?"